ಡಿಎನ್‌ಎಯಲ್ಲಿ ಅಮೈನೋ ಆಮ್ಲವೇ ಇಲ್ಲವಾದರೆ ಪ್ರೋಟೀನು ಹೇಗೆ ಹುಟ್ಟುತ್ತದೆ?

ಪೊನ್ನಂಪೇಟೆ ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಪೊನ್ನಂಪೇಟೆಯ ಹತ್ತಿರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಹತ್ತನೆಯ ತರಗತಿಗೆ ಜೀವವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ಪಾಠದ ನಡುವೆ ಹಲಗೆಯ ಮೇಲೆ ‘ಡಿಎನ್‌ಎ ಪ್ರೋಟೀನನ್ನು ತಯಾರಿಸುತ್ತದೆ’ ಎಂದು ಬರೆದೆ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗನೊಬ್ಬ ಎದ್ದು ನಿಂತು, ‘ಡಿಎನ್‌ಎಯಲ್ಲಿ ಸಕ್ಕರೆ, ಫಾಸ್ಫೇಟ್ ಮತ್ತು ಪ್ರತ್ಯಾಮ್ಲ ಇವೆ ಎಂದು ನಿನ್ನೆ ಹೇಳಿದಿರಿ, ಪ್ರೋಟೀನು ಅಮೈನೋ ಆಮ್ಲಗಳಿಂದ ಆಗಿದೆ ಎಂದು ಇವತ್ತು ಹೇಳಿದಿರಿ, ಅದರಲ್ಲಿ ಇಲ್ಲದ್ದು ಇದರಲ್ಲಿ ಹೇಗೆ ಬರುತ್ತದೆ?’ ಎಂದು ಕೇಳಿದ. ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆಯದಿದ್ದರೂ ನನ್ನ ಬಳಿ ಅವನಿಗೆ ಒಪ್ಪಿಗೆಯಾಗುವ ಉತ್ತರ ಇರಲಿಲ್ಲ. ಸೋಮವಾರದೊಳಗೆ ಅವನಿಗೆ ಸರಿಯಾದ ಉತ್ತರ ಕೊಡಬೇಕು. ತಿಳಿದವರು ದಯವಿಟ್ಟು ಮಕ್ಕಳಿಗೆ ಅರ್ಥವಾಗುವ ಕನ್ನಡದಲ್ಲಿ ಬಿಡಿಸಿ ಹೇಳಿ.

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಹುಡುಗನ ಪ್ರಶ್ನೆ ಸರಿಯಾಗಿದೆ, ಹಲಗೆಯ ಮೇಲಿನ ವಾಕ್ಯ ತಪ್ಪಾಗಿದೆ. ಡಿಎನ್‌ಎ ಏನನ್ನೂ ತಯಾರಿಸುವುದಿಲ್ಲ. ಅದು ಬರೆದಿಟ್ಟ ಕ್ರಮ ಮಾತ್ರ. ಯಾವ ಅಮೈನೋ ಆಮ್ಲದ ಪಕ್ಕದಲ್ಲಿ ಯಾವುದು ಬರಬೇಕು ಎಂಬ ಅನುಕ್ರಮವು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ, ಅಂದರೆ ಹುಡುಗ ಹೇಳಿದ ಪ್ರತ್ಯಾಮ್ಲಗಳ ನಾಲ್ಕು ಬಗೆಗಳಲ್ಲಿ, ಅದರಲ್ಲಿದೆ.

ಕೆಲಸ ನಡೆಯುವ ಬಗೆ ಹೀಗೆ. ಬೇಕಾದ ಜೀನನ್ನು, ಅಂದರೆ ಒಂದು ಪ್ರೋಟೀನಿನ ಕ್ರಮ ಇರುವ ಡಿಎನ್‌ಎ ಭಾಗವನ್ನು, ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವವು ಡಿಎನ್‌ಎಯನ್ನೇ ಹೋಲುವ ಆರ್‌ಎನ್‌ಎ ರೂಪದಲ್ಲಿ ನಕಲು ಮಾಡುತ್ತದೆ. ನಕಲಿನಲ್ಲಿ ಟಿ ಇರಬೇಕಾದ ಜಾಗದಲ್ಲಿ ಯು ಇರುತ್ತದೆ. ಬೇಡದ ತುಂಡುಗಳನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಿದ ಮೇಲೆ ಆ ನಕಲು ಎಂಆರ್‌ಎನ್‌ಎ ಎಂಬ ಹೆಸರಿನಲ್ಲಿ ನ್ಯೂಕ್ಲಿಯಸ್ಸಿನಿಂದ ಹೊರಗೆ ಬಂದು ರೈಬೋಸೋಮು ಎಂಬ ಪುಟ್ಟ ಯಂತ್ರಕ್ಕೆ ಸಿಕ್ಕುತ್ತದೆ. ರೈಬೋಸೋಮು ಅದನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತಾ, ಪ್ರತಿ ಮೂರಕ್ಕೆ ಒಂದರಂತೆ ಅಮೈನೋ ಆಮ್ಲವನ್ನು ಸರಕ್ಕೆ ಪೋಣಿಸುತ್ತದೆ. ಎಯುಜಿ ಎಂಬಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲದೊಂದಿಗೆ ಸರ ಶುರುವಾಗುತ್ತದೆ; ಯುಎಎ, ಯುಎಜಿ, ಯುಜಿಎ ಇವುಗಳಲ್ಲಿ ಯಾವುದಾದರೊಂದು ಬಂದಾಗ ಮುಗಿಯುತ್ತದೆ. ಡಿಎನ್‌ಎ ತಾನು ಇದ್ದಲ್ಲಿಂದ ಅಲುಗುವುದೇ ಇಲ್ಲ.

ಸಿದ್ದಾಪುರದ ಕಾಫಿ ಬೆಳೆಗಾರ
ಅಂದರೆ ಡಿಎನ್‌ಎ ತೋಟದ ಯಜಮಾನ, ಎಂಆರ್‌ಎನ್‌ಎ ಲೆಕ್ಕ ಬರೆಯುವ ರೈಟರ್, ರೈಬೋಸೋಮು ಮೇಸ್ತ್ರಿ ಎಂದು ಹೇಳಿದರೆ ಲೈನ್ ಮನೆಯ ಹುಡುಗನಿಗೆ ತಟ್ಟನೆ ಅರ್ಥವಾಗುತ್ತದೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಯಜಮಾನ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಜಮಾನ ಅಪ್ಪಣೆ ಕೊಡುತ್ತಾನೆ, ಇವತ್ತು ಮಳೆ, ಕೊಯ್ಲು ಬೇಡ ಎಂದು ಮನಸ್ಸು ಬದಲಾಯಿಸುತ್ತಾನೆ. ಡಿಎನ್‌ಎಗೆ ಆ ಶಕ್ತಿ ಇಲ್ಲ. ಯಾವ ಜೀನನ್ನು ಯಾವಾಗ ನಕಲು ಮಾಡಬೇಕೆಂಬುದು ಜೀವಕೋಶದಲ್ಲಿ ಆ ಹೊತ್ತಿಗೆ ಇರುವ ಬೇರೆ ಪ್ರೋಟೀನುಗಳಿಂದ ತೀರ್ಮಾನವಾಗುತ್ತದೆ. ಹೋಲಿಕೆ ಬೇಕೇ ಬೇಕು ಎಂದಾದರೆ ಐನ್‌ಮನೆಯ, ಅಂದರೆ ಕೊಡವರ ಕುಲದ ಮೂಲಮನೆಯ, ಪೆಟ್ಟಿಗೆಯಲ್ಲಿರುವ ಜಮ್ಮಾ ಭೂಮಿಯ ಹಕ್ಕಿನ ಕಾಗದವನ್ನು ತೆಗೆದುಕೊಳ್ಳಿ. ಮೂಲವನ್ನು ಯಾರೂ ಗದ್ದೆಗೆ ಹೊತ್ತೊಯ್ಯುವುದಿಲ್ಲ, ಅಗತ್ಯ ಬಿದ್ದ ಪುಟದ ನಕಲನ್ನಷ್ಟೇ ತೆಗೆಸುತ್ತಾರೆ, ಆ ನಕಲು ಹರಿದು ಹೋದರೂ ಮೂಲ ಉಳಿಯುತ್ತದೆ. ಎಂಆರ್‌ಎನ್‌ಎ ಕೂಡ ಕೆಲಸವಾದ ಮೇಲೆ ಒಡೆದು ಹೋಗುತ್ತದೆ.

ಗೋಣಿಕೊಪ್ಪಲಿನ ಓದುಗ
ಇಷ್ಟೆಲ್ಲ ಆದರೂ ಹುಡುಗನ ಪ್ರಶ್ನೆ ಹಾಗೆಯೇ ಉಳಿಯಿತಲ್ಲ! ಪೋಣಿಸುವ ಆ ಅಮೈನೋ ಆಮ್ಲಗಳು ಬರುವುದು ಎಲ್ಲಿಂದ?

ಕುಶಾಲನಗರದ ಆಹಾರ ತಜ್ಞೆ
ಊಟದ ತಟ್ಟೆಯಿಂದ. ನಾವು ತಿಂದ ಪ್ರೋಟೀನು ಹಾಗೆಯೇ ನಮ್ಮ ಮಾಂಸಖಂಡವಾಗುವುದಿಲ್ಲ. ಜಠರದಲ್ಲಿ ಪೆಪ್ಸಿನ್, ಸಣ್ಣ ಕರುಳಿನಲ್ಲಿ ಟ್ರಿಪ್ಸಿನ್ ಮತ್ತು ಇತರ ಕಿಣ್ವಗಳು ಅದನ್ನು ಬಿಡಿ ಅಮೈನೋ ಆಮ್ಲಗಳವರೆಗೆ ಕತ್ತರಿಸುತ್ತವೆ. ಅವು ರಕ್ತದ ಮೂಲಕ ಪ್ರತಿ ಜೀವಕೋಶವನ್ನು ತಲುಪುತ್ತವೆ. ಪ್ರೋಟೀನಿಗೆ ಬಳಕೆಯಾಗುವ 20 ಅಮೈನೋ ಆಮ್ಲಗಳಲ್ಲಿ 9 ನಮ್ಮ ದೇಹದಲ್ಲಿ ತಯಾರಾಗುವುದೇ ಇಲ್ಲ, ಅವುಗಳನ್ನು ತಿಂದೇ ಪಡೆಯಬೇಕು. ಉಳಿದವನ್ನು ದೇಹ ತಾನೇ ಮಾಡಿಕೊಳ್ಳಬಲ್ಲದು.

ನಮ್ಮ ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು ಎಲ್ಲವೂ ಅಕ್ಕಿಯವೇ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳವಾಗಿದ್ದು ಮೆಥಿಯೋನಿನ್ ಕಡಿಮೆ. ಮಾಂಸ, ಮೊಟ್ಟೆ, ಹಾಲುಗಳಲ್ಲಿ ಎರಡೂ ಇವೆ. ರೈಬೋಸೋಮು ಲೈಸಿನ್ ಇರಬೇಕಾದ ಜಾಗಕ್ಕೆ ಬಂದಾಗ ಅದು ಸಿಗದಿದ್ದರೆ ಅದರ ಬದಲು ಬೇರೊಂದನ್ನು ಹಾಕಿ ಮುಂದೆ ಹೋಗುವುದಿಲ್ಲ, ಕೆಲಸವೇ ನಿಧಾನವಾಗುತ್ತದೆ. ಕಡಂಬುಟ್ಟಿನ ಜೊತೆಗೆ ಮಕ್ಕಳಿಗೆ ಕಾಳಿನ ಪಲ್ಯವನ್ನೋ ಮೊಟ್ಟೆಯನ್ನೋ ಬಡಿಸಿ ಎಂದು ನಾನು ತಾಯಂದಿರಿಗೆ ಪಟ್ಟು ಹಿಡಿದು ಹೇಳುವುದು ಇದಕ್ಕಾಗಿಯೇ.

ಗೋಣಿಕೊಪ್ಪಲಿನ ಓದುಗ
ಪಂದಿ ಕರಿ ತಿಂದಾಗ ಹಂದಿಯ ಡಿಎನ್‌ಎಯೂ ಹೊಟ್ಟೆಗೆ ಹೋಗುತ್ತದೆ. ಅದರ ಆದೇಶದಂತೆ ನಮ್ಮೊಳಗೆ ಹಂದಿಯ ಪ್ರೋಟೀನು ಯಾಕೆ ಹುಟ್ಟುವುದಿಲ್ಲ?

ಕುಶಾಲನಗರದ ಆಹಾರ ತಜ್ಞೆ
ಡಿಎನ್‌ಎಯನ್ನೂ ಕರುಳಿನ ಕಿಣ್ವಗಳು ಬಿಡಿ ತುಣುಕುಗಳಾಗಿ ಒಡೆಯುತ್ತವೆ. ಪುಸ್ತಕವನ್ನು ಅಕ್ಷರ ಅಕ್ಷರವಾಗಿ ಕತ್ತರಿಸಿದ ಮೇಲೆ ಓದಲು ಏನೂ ಉಳಿಯುವುದಿಲ್ಲ. ಹಂದಿಯಿಂದ ನಮಗೆ ಸಿಗುವುದು ಸಾಮಗ್ರಿ, ಜೋಡಿಸುವ ಕ್ರಮ ನಮ್ಮ ತಂದೆತಾಯಿಯಿಂದ ಬಂದದ್ದು.

ಸೋಮವಾರಪೇಟೆಯ ಪಿಯುಸಿ ವಿದ್ಯಾರ್ಥಿನಿ
ನನ್ನ ಸಂಶಯ ಬೇರೆ. ಮೂರು ಅಕ್ಷರಗಳೇ ಏಕೆ? ಎರಡು ಸಾಲದೆ?

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಲೆಕ್ಕ ಹಾಕಿ ನೋಡಮ್ಮ. ನಾಲ್ಕು ಅಕ್ಷರಗಳಲ್ಲಿ ಎರಡೆರಡರ ಜೋಡಿಗಳು 16 ಮಾತ್ರ ಆಗುತ್ತವೆ, ಅಮೈನೋ ಆಮ್ಲಗಳು 20 ಇವೆ. ಮೂರು ಮೂರಾಗಿ ತೆಗೆದುಕೊಂಡರೆ 64 ಆಗುತ್ತವೆ. ಅವುಗಳಲ್ಲಿ 3 ನಿಲುಗಡೆಯ ಸಂಕೇತಗಳು, ಉಳಿದ 61 ಅಮೈನೋ ಆಮ್ಲಗಳಿಗೆ ಹಂಚಿಹೋಗಿವೆ. ಆದ್ದರಿಂದ ಒಂದೇ ಅಮೈನೋ ಆಮ್ಲಕ್ಕೆ ಹಲವು ಸಂಕೇತಗಳಿರುವುದುಂಟು. ಜಿಎಎ ಮತ್ತು ಜಿಎಜಿ ಎರಡೂ ಗ್ಲುಟಾಮಿಕ್ ಆಮ್ಲವನ್ನೇ ಸೂಚಿಸುತ್ತವೆ.

ಈ ಸಂಕೇತಗಳನ್ನು ಬಿಡಿಸಿದ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಯು ಅಕ್ಷರವೊಂದೇ ಇದ್ದ ಆರ್‌ಎನ್‌ಎಯನ್ನು ಜೀವಕೋಶದ ರಸಕ್ಕೆ ಹಾಕಿದಾಗ ಫೀನೈಲ್ ಅಲನಿನ್ ಮಾತ್ರ ಇರುವ ಸರ ಹುಟ್ಟಿತು. ಅಲ್ಲಿಗೆ ಯುಯುಯು ಎಂದರೆ ಫೀನೈಲ್ ಅಲನಿನ್ ಎಂದು ತಿಳಿಯಿತು. ಬಳಿಕ ನಮ್ಮ ಹರಗೋವಿಂದ ಖುರಾನಾ ಅವರು ಯು, ಸಿ, ಯು, ಸಿ ಎಂದು ಒಂದಾದ ಮೇಲೊಂದು ಬರುವ ಆರ್‌ಎನ್‌ಎಯನ್ನು ತಾವೇ ಕಟ್ಟಿದರು. ಅದನ್ನು ಮೂರು ಮೂರಾಗಿ ಓದಿದರೆ ಯುಸಿಯು, ಸಿಯುಸಿ ಎಂದು ಸರದಿಯಾಗಿ ಬರುತ್ತದೆ. ಹುಟ್ಟಿದ ಸರದಲ್ಲಿಯೂ ಸೆರಿನ್, ಲ್ಯೂಸಿನ್ ಸರದಿಯಾಗಿಯೇ ಇದ್ದವು. ಎರಡೆರಡಾಗಿ ಓದುತ್ತಿದ್ದರೆ ಒಂದೇ ಅಮೈನೋ ಆಮ್ಲ ಸಿಗಬೇಕಿತ್ತು. 1968ರ ನೊಬೆಲ್ ಪ್ರಶಸ್ತಿ ಖುರಾನಾ, ನಿರೆನ್‌ಬರ್ಗ್ ಮತ್ತು ರಾಬರ್ಟ್ ಹಾಲಿ ಮೂವರಿಗೂ ಸೇರಿ ಬಂತು.

ಪೊನ್ನಂಪೇಟೆ ಟೀಚರ್
ಸೋಮವಾರ ತರಗತಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನೆಲದ ಮೇಲೆ ಚಾಪೆ ಹಾಸಿ, ಕಾಫಿ ಬೀಜಕ್ಕೆ ಎ, ಕರಿಮೆಣಸಿಗೆ ಯು, ಏಲಕ್ಕಿಗೆ ಜಿ, ಕಿತ್ತಳೆ ಬೀಜಕ್ಕೆ ಸಿ ಎಂದು ಹೆಸರಿಟ್ಟು ಸಾಲಾಗಿ ಜೋಡಿಸಿದೆವು. ಮೊದಲು ಕಾಫಿ, ಮೆಣಸು, ಏಲಕ್ಕಿ. ಅದು ಆರಂಭದ ಸಂಕೇತ. ಮಕ್ಕಳು ಮೂರು ಮೂರಕ್ಕೆ ಕಡ್ಡಿ ಇಟ್ಟು, ಯಾವ ಮೂರಕ್ಕೆ ಯಾವ ಅಮೈನೋ ಆಮ್ಲ ಎಂಬ ಕೋಷ್ಟಕ ನೋಡಿ, ಆ ಆಮ್ಲಕ್ಕೆ ಗೊತ್ತುಮಾಡಿದ ಬಣ್ಣದ ಮಣಿಯನ್ನು ದಾರಕ್ಕೆ ಪೋಣಿಸುತ್ತಿದ್ದರು. ನಡುವೆ ಒಬ್ಬಳ ಲಂಗದ ಅಂಚು ತಾಗಿ ಒಂದು ಮೆಣಸಿನ ಕಾಳು ಉರುಳಿಹೋಯಿತು. ಯಾರೂ ಗಮನಿಸಲಿಲ್ಲ. ಎರಡು ತಂಡಗಳು ದಾರವನ್ನು ಎತ್ತಿ ಹಿಡಿದಾಗ ಮೊದಲ ನಾಲ್ಕು ಮಣಿ ಒಂದೇ ಬಗೆಯಾಗಿದ್ದವು, ಅಲ್ಲಿಂದ ಮುಂದೆ ಒಂದೂ ಹೊಂದಲಿಲ್ಲ.

ಆಗ ನಾನು ಹಲಗೆಯ ಮೇಲೆ ‘ನದಿಯ ದಡದ ಮರದ ನೆರಳು’ ಎಂದು ಬರೆದೆ. ಪ್ರತಿ ಪದದಲ್ಲಿಯೂ ಮೂರೇ ಅಕ್ಷರ. ಮೊದಲ ಪದದ ‘ದಿ’ಯನ್ನು ‘ರಿ’ ಮಾಡಿದರೆ ‘ನರಿಯ ದಡದ ಮರದ ನೆರಳು’ ಆಗುತ್ತದೆ, ಒಂದು ಪದ ಮಾತ್ರ ಕೆಟ್ಟಿತು. ಆ ‘ದಿ’ಯನ್ನು ಅಳಿಸಿಯೇಬಿಟ್ಟು ಮತ್ತೆ ಮೂರು ಮೂರಾಗಿ ಓದಿದರೆ ‘ನಯದ ಡದಮ ರದನೆ ರಳು’ ಆಗುತ್ತದೆ. ಇಡೀ ತರಗತಿ ಅದನ್ನು ಗಟ್ಟಿಯಾಗಿ ಓದಿತು. ಒಂದು ಅಕ್ಷರ ಬದಲಾಗುವುದಕ್ಕೂ ಒಂದು ಅಕ್ಷರ ಕಳೆದುಹೋಗುವುದಕ್ಕೂ ಇರುವ ವ್ಯತ್ಯಾಸವನ್ನು ಇಷ್ಟು ವರ್ಷಗಳಲ್ಲಿ ನಾನೇ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

ಆದರೆ ನಮ್ಮ ಹುಡುಗ ಇನ್ನೂ ತೃಪ್ತನಾಗಿಲ್ಲ. ‘ನಾವು ಕೋಷ್ಟಕ ನೋಡಿ ಮಣಿ ಆರಿಸಿದೆವು, ಜೀವಕೋಶದಲ್ಲಿ ಕೋಷ್ಟಕ ನೋಡುವವರು ಯಾರು?’ ಎಂದು ಕೇಳಿದ್ದಾನೆ.

ಸಿದ್ದಾಪುರದ ಕಾಫಿ ಬೆಳೆಗಾರ
ಈ ಹುಡುಗನನ್ನು ಓದು ಬಿಡಿಸಿ ತೋಟದ ಕೆಲಸಕ್ಕೆ ಕಳುಹಿಸದಂತೆ ನೋಡಿಕೊಳ್ಳಿ ಟೀಚರ್. ಪುಸ್ತಕಕ್ಕೆ, ಬಸ್ಸಿಗೆ ಏನು ಬೇಕಾದರೂ ನನಗೆ ತಿಳಿಸಿ.

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಇಡೀ ವಿಷಯದ ತಿರುಳು ಇಲ್ಲಿಯೇ ಇದೆ, ಬಹಳಷ್ಟು ಪಾಠಗಳು ಇದನ್ನು ಎರಡು ಸಾಲಿನಲ್ಲಿ ದಾಟಿಹೋಗುತ್ತವೆ ಎಂಬುದು ನನ್ನ ಹಳೆಯ ಅಸಮಾಧಾನ. ಜಿಎಜಿ ಎಂಬ ಮೂರು ಅಕ್ಷರಗಳಿಗೂ ಗ್ಲುಟಾಮಿಕ್ ಆಮ್ಲಕ್ಕೂ ನೇರ ಸಂಬಂಧವೇ ಇಲ್ಲ. ಒಂದರ ಆಕಾರ ಇನ್ನೊಂದಕ್ಕೆ ಕೂಡುವುದಿಲ್ಲ. ನಡುವೆ ಒಬ್ಬ ದುಭಾಷಿ ಇರಲೇಬೇಕೆಂದು ಫ್ರಾನ್ಸಿಸ್ ಕ್ರಿಕ್ 1955ರಲ್ಲಿಯೇ ಊಹಿಸಿದ್ದರು. ಆ ದುಭಾಷಿಯೇ ಟಿಆರ್‌ಎನ್‌ಎ. ಅದರ ಒಂದು ತುದಿಯಲ್ಲಿ ಎಂಆರ್‌ಎನ್‌ಎಯ ಮೂರು ಅಕ್ಷರಗಳಿಗೆ ಜೋಡಿಯಾಗುವ ಮೂರು ಅಕ್ಷರಗಳಿವೆ, ಇನ್ನೊಂದು ತುದಿಯಲ್ಲಿ ಅಮೈನೋ ಆಮ್ಲ ಅಂಟಿಕೊಂಡಿರುತ್ತದೆ.

ಸರಿಯಾದ ಟಿಆರ್‌ಎನ್‌ಎಗೆ ಸರಿಯಾದ ಅಮೈನೋ ಆಮ್ಲವನ್ನೇ ಅಂಟಿಸುವವರು ಯಾರು? ಅಮಿನೋಅಸೈಲ್ ಸಿಂಥಟೇಸ್ ಎಂಬ ಕಿಣ್ವಗಳು. ಸಾಮಾನ್ಯವಾಗಿ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು. ಅಮೈನೋ ಆಮ್ಲವನ್ನೂ ಟಿಆರ್‌ಎನ್‌ಎಯನ್ನೂ ಒಟ್ಟಿಗೆ ಗುರುತಿಸುವುದು ಇವು ಮಾತ್ರ. ಅವುಗಳಲ್ಲಿ ಕೆಲವು ತಪ್ಪಾಗಿ ಅಂಟಿಸಿದ್ದನ್ನು ಮತ್ತೆ ಬಿಡಿಸುತ್ತವೆ. ರೈಬೋಸೋಮು ಆ ತುದಿಯಲ್ಲಿ ಏನು ಅಂಟಿದೆ ಎಂದು ಪರೀಕ್ಷಿಸುವುದಿಲ್ಲ, ಅಕ್ಷರಗಳು ಹೊಂದಿದರೆ ಸಾಕು, ಸರಕ್ಕೆ ಸೇರಿಸಿಬಿಡುತ್ತದೆ. ಆದ್ದರಿಂದ ಕೋಷ್ಟಕವು ಡಿಎನ್‌ಎಯಲ್ಲಿ ಒಂದು ಕಡೆ ಬರೆದಿಟ್ಟ ಪಟ್ಟಿಯಲ್ಲ, ಈ ಸುಮಾರು ಇಪ್ಪತ್ತು ಕಿಣ್ವಗಳ ಮತ್ತು ಟಿಆರ್‌ಎನ್‌ಎಗಳ ಆಕಾರದಲ್ಲಿ ಅದು ಇದೆ ಎಂದು ಹುಡುಗನಿಗೆ ಹೇಳಿ.

ವಿರಾಜಪೇಟೆಯ ಪ್ರಯೋಗಾಲಯ ತಂತ್ರಜ್ಞ
ಒಂದೇ ಅಕ್ಷರ ಬದಲಾದ ಉದಾಹರಣೆಗೆ ಮಕ್ಕಳು ನರಿಯವರೆಗೆ ಹೋಗಬೇಕಿಲ್ಲ, ಅದು ನಮ್ಮ ನೆರೆಹೊರೆಯಲ್ಲಿಯೇ ಇದೆ. ಕುಡುಗೋಲು ಕಣ (ಸಿಕಲ್ ಸೆಲ್) ರೋಗದಲ್ಲಿ, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬೀಟಾ ಸರದ ಆರನೆಯ ಸ್ಥಾನಕ್ಕೆ ಡಿಎನ್‌ಎಯಲ್ಲಿ ಜಿಎಜಿ ಇರಬೇಕಾದಲ್ಲಿ ಜಿಟಿಜಿ ಇರುತ್ತದೆ. ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ. ಉಳಿದ 145 ಅಮೈನೋ ಆಮ್ಲಗಳು ಸರಿಯಾಗಿಯೇ ಇವೆ. ವ್ಯಾಲಿನ್ ನೀರಿನಿಂದ ದೂರ ಸರಿಯುವ ಸ್ವಭಾವದ್ದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳು ಆ ಜಾಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಎಳೆಗಳಾಗುತ್ತವೆ, ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. 120 ದಿನ ಬಾಳಬೇಕಾದ ಕಣ 10ರಿಂದ 20 ದಿನಗಳಲ್ಲಿ ಒಡೆಯುತ್ತದೆ. ನಮ್ಮ ದೇಶದಲ್ಲಿ ಇದು ಮೊದಲು ವರದಿಯಾದದ್ದು 1952ರಲ್ಲಿ, ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ.

ಸೋಮವಾರಪೇಟೆಯ ಪಿಯುಸಿ ವಿದ್ಯಾರ್ಥಿನಿ
ಆರನೆಯದಲ್ಲ, ಏಳನೆಯದು ಎಂದು ನಾನು ಓದಿದ್ದೇನೆ. ಅಲ್ಲದೆ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ಸೇ ಇಲ್ಲ. ಡಿಎನ್‌ಎ ಇಲ್ಲದ ಕಣದಲ್ಲಿ ಹಿಮೋಗ್ಲೋಬಿನ್ ಹೇಗೆ ಬಂತು?

ವಿರಾಜಪೇಟೆಯ ಪ್ರಯೋಗಾಲಯ ತಂತ್ರಜ್ಞ
ನಾವಿಬ್ಬರೂ ಸರಿ. ಆರಂಭದ ಮೆಥಿಯೋನಿನ್ನನ್ನು ಸೇರಿಸಿ ಎಣಿಸಿದರೆ ಏಳು. ಸರ ತಯಾರಾಗುವಾಗಲೇ ಆ ಮೆಥಿಯೋನಿನ್ ಕತ್ತರಿಸಿ ಹೋಗುವುದರಿಂದ ರಕ್ತದಲ್ಲಿರುವ ಪ್ರೋಟೀನಿನಲ್ಲಿ ಎಣಿಸಿದರೆ ಆರು. ಹಳೆಯ ಪುಸ್ತಕಗಳೆಲ್ಲ ಆರು ಎಂದೇ ಬರೆದಿವೆ.

ಎರಡನೆಯ ಪ್ರಶ್ನೆಗೆ: ರಕ್ತಕಣವು ಮೂಳೆಯ ಮಜ್ಜೆಯಲ್ಲಿ ಬೆಳೆಯುವಾಗ ಅದಕ್ಕೆ ನ್ಯೂಕ್ಲಿಯಸ್ ಇರುತ್ತದೆ, ಬೇಕಾದ ಎಂಆರ್‌ಎನ್‌ಎ ಆಗಲೇ ತಯಾರಾಗುತ್ತದೆ. ನ್ಯೂಕ್ಲಿಯಸ್ಸನ್ನು ಹೊರಗೆ ಹಾಕಿದ ಮೇಲೂ ಉಳಿದ ಎಂಆರ್‌ಎನ್‌ಎಯಿಂದ ಒಂದೆರಡು ದಿನ ಹಿಮೋಗ್ಲೋಬಿನ್ ತಯಾರಾಗುತ್ತದೆ. ಮೂಲ ಕಾಗದ ಇಲ್ಲದಿದ್ದರೂ ನಕಲಿನಿಂದ ಕೆಲಸ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಪಕ್ವವಾದ ಒಂದು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ.

ಕುಟ್ಟದಿಂದ ಒಬ್ಬ ತಾಯಿ
ನಾನು ವಿಜ್ಞಾನ ಓದಿದವಳಲ್ಲ, ಆದರೆ ಆ ಒಂದು ಅಕ್ಷರ ನನಗೆ ಚೆನ್ನಾಗಿ ಗೊತ್ತು. ನನ್ನ ಮಗನಿಗೆ ನಾಲ್ಕು ವರ್ಷವಾದಾಗಿನಿಂದ ಕೈಕಾಲು ನೋವು, ಕಣ್ಣು ಹಳದಿ. ತೋರಿಸಿದ ಆಸ್ಪತ್ರೆಯೊಂದರಲ್ಲಿ ರಕ್ತ ಕಡಿಮೆ ಇದೆ ಎಂದು ಮೂರು ವರ್ಷ ಕಬ್ಬಿಣದ ಮಾತ್ರೆಯನ್ನೇ ಕೊಟ್ಟರು. ಮಳೆಗಾಲದ ಚಳಿಯಲ್ಲಿ ಅವನು ಮೊಣಕಾಲು ಹಿಡಿದುಕೊಂಡು ರಾತ್ರಿಯೆಲ್ಲ ಅಳುತ್ತಿದ್ದ, ನಾನು ಒಲೆಯ ಮೇಲೆ ಬಟ್ಟೆ ಕಾಯಿಸಿ ಒತ್ತುತ್ತಿದ್ದೆ. ಕೊನೆಗೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಕಾಯಿಲೆಯ ಹೆಸರು ತಿಳಿಯಿತು. ನನ್ನಲ್ಲೂ ಅವನ ತಂದೆಯಲ್ಲೂ ಅರ್ಧರ್ಧ ಇತ್ತಂತೆ, ನಮಗಿಬ್ಬರಿಗೂ ಏನೂ ತೊಂದರೆ ಇರಲಿಲ್ಲ. ಮಕ್ಕಳಿಗೆ ಈ ಪಾಠ ಹೇಳುವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಮಾತನ್ನೂ ಹೇಳಿ ಟೀಚರ್.

ವಿರಾಜಪೇಟೆಯ ಪ್ರಯೋಗಾಲಯ ತಂತ್ರಜ್ಞ
ಅಕ್ಕ, ನೀವು ಬರೆದದ್ದು ಎಲ್ಲರೂ ಓದಬೇಕಾದ ಮಾತು. ಇದು ಕಬ್ಬಿಣದ ಕೊರತೆಯಲ್ಲ, ಸರದಲ್ಲಿ ಆದ ಬದಲಾವಣೆ. ತಂದೆತಾಯಿ ಇಬ್ಬರಲ್ಲಿಯೂ ಒಂದೊಂದು ಬದಲಾದ ಜೀನ್ ಇದ್ದಾಗ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕುಡುಗೋಲು ಕಣ ರೋಗ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ಮದುವೆಗೆ ಮೊದಲು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮಾಕುಟ್ಟದ ಕಾಡಂಚಿನವನು
ನಮ್ಮ ಕಡೆ ಮಳೆಗಾಲದಲ್ಲಿ ಅಣಬೆ ತಿಂದು ಕೆಟ್ಟವರ ಸುದ್ದಿ ಕೇಳುತ್ತೇವೆ. ಅದಕ್ಕೂ ಈ ಪ್ರೋಟೀನಿನ ಕೆಲಸಕ್ಕೂ ಸಂಬಂಧ ಇದೆ ಎಂದು ಒಬ್ಬರು ಹೇಳಿದ್ದರು, ನಿಜವೇ?

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷಯದಲ್ಲಿ ಪೂರ್ತಿ ನಿಜ. ಅವುಗಳಲ್ಲಿರುವ ಆಲ್ಫಾ ಅಮಾನಿಟಿನ್ ಎಂಬ ವಿಷವು ನಾನು ಮೊದಲು ಹೇಳಿದ ಆರ್‌ಎನ್‌ಎ ಪಾಲಿಮರೇಸನ್ನೇ ಹಿಡಿದು ನಿಲ್ಲಿಸುತ್ತದೆ. ಹೊಸ ನಕಲು ಬರುವುದಿಲ್ಲ, ಹಳೆಯ ನಕಲುಗಳು ಒಡೆದುಹೋಗುತ್ತವೆ, ಯಕೃತ್ತಿನ ಜೀವಕೋಶಗಳು ಪ್ರೋಟೀನಿಲ್ಲದೆ ಸಾಯುತ್ತವೆ. ತಿಂದ ಕೂಡಲೇ ಏನೂ ಆಗುವುದಿಲ್ಲ, ಸಾಮಾನ್ಯವಾಗಿ ಆರು ಗಂಟೆಗಳಾದರೂ ಕಳೆದ ಮೇಲೆ ವಾಂತಿ ಭೇದಿ ಶುರುವಾಗುತ್ತದೆ, ನಡುವೆ ಒಮ್ಮೆ ಗುಣವಾದಂತೆಯೂ ಕಾಣುತ್ತದೆ. ಅದನ್ನು ನಂಬಿ ಮನೆಯಲ್ಲಿ ಕೂರಬಾರದು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಅದು ಎಂಟೇ ಎಂಟು ಅಮೈನೋ ಆಮ್ಲಗಳು ಬಳೆಯಂತೆ ಸುತ್ತಿಕೊಂಡ ಒಂದು ಚಿಕ್ಕ ಸರ, ಅಣಬೆಯ ರೈಬೋಸೋಮಿನಲ್ಲಿಯೇ ಹುಟ್ಟಿದ್ದು.

ಗೋಣಿಕೊಪ್ಪಲಿನ ಓದುಗ
ಬೇಯಿಸಿದರೆ ಪ್ರೋಟೀನು ನಾಶವಾಗುತ್ತದೆ ಎನ್ನುತ್ತಾರಲ್ಲ?

ಕುಶಾಲನಗರದ ಆಹಾರ ತಜ್ಞೆ
ನಾಶವಾಗುವುದಿಲ್ಲ, ಮಡಚಿಕೊಂಡಿದ್ದ ಸರದ ಮಡಿಕೆ ಬಿಚ್ಚಿಕೊಳ್ಳುತ್ತದೆ. ಸರದ ಅನುಕ್ರಮ ಹಾಗೆಯೇ ಉಳಿಯುತ್ತದೆ. ಹಿಂದಿನ ರಾತ್ರಿಯ ಪಂದಿ ಕರಿಯ ಪಾತ್ರೆಯನ್ನು ಬೆಳಿಗ್ಗೆ ತೆರೆದು ನೋಡಿ. ಮೇಲೆ ಬಿಳಿಯ ಕೊಬ್ಬಿನ ಪದರ ಇರುತ್ತದೆ, ಅದರ ಕೆಳಗೆ ರಸವು ಅಲುಗಿಸಿದರೆ ನಡುಗುವಷ್ಟು ಗಟ್ಟಿಯಾಗಿರುತ್ತದೆ. ಅದು ಚರ್ಮ ಮತ್ತು ಎಲುಬಿನ ಸಂದುಗಳ ಕೊಲಾಜನ್ ಎಂಬ ಪ್ರೋಟೀನು. ಮೂರು ಎಳೆಯ ಹಗ್ಗದಂತಿದ್ದದ್ದು ಬೇಯುವಾಗ ಬಿಚ್ಚಿಕೊಂಡು ಜೆಲಾಟಿನ್ ಆಗಿದೆ.

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಆ ಮೂರು ಎಳೆಯ ಹಗ್ಗದ ರಚನೆಯನ್ನು 1954ರಲ್ಲಿ ಮದರಾಸಿನಲ್ಲಿ ಮುಂದಿಟ್ಟವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಕೊಲಾಜನ್ನಿನಲ್ಲಿ ಇನ್ನೊಂದು ಸಂಗತಿ ಇದೆ. ಅದರಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ, ಆದರೆ 64 ಸಂಕೇತಗಳಲ್ಲಿ ಅದಕ್ಕೆ ಒಂದೂ ಇಲ್ಲ. ಡಿಎನ್‌ಎಯಲ್ಲಿ ಪ್ರೋಲಿನ್ ಎಂದಷ್ಟೇ ಇರುತ್ತದೆ. ಸರ ಹುಟ್ಟಿದ ಮೇಲೆ ಒಂದು ಕಿಣ್ವವು ಆಯ್ದ ಪ್ರೋಲಿನ್‌ಗಳನ್ನು ಬದಲಾಯಿಸುತ್ತದೆ, ಆ ಕೆಲಸಕ್ಕೆ ಸಿ ಜೀವಸತ್ವ ಬೇಕು. ಅದು ಸಿಗದಿದ್ದರೆ ಹಗ್ಗ ಸಡಿಲವಾಗಿ ಒಸಡಿನಲ್ಲಿ ರಕ್ತ ಬರುತ್ತದೆ, ಅದೇ ಸ್ಕರ್ವಿ. ಟೀಚರ್ ಸಾಲಿನಲ್ಲಿಟ್ಟ ಕಿತ್ತಳೆ ಬೀಜದ ಹಣ್ಣಿಗೂ ಈ ಕಥೆಯಲ್ಲಿ ಜಾಗ ಇದೆ.

ಸಿದ್ದಾಪುರದ ಕಾಫಿ ಬೆಳೆಗಾರ
ಕಾಫಿ ಬೀಜಕ್ಕೆ?

ಸೋಮವಾರಪೇಟೆಯ ಪಿಯುಸಿ ವಿದ್ಯಾರ್ಥಿನಿ
ಇದಕ್ಕೆ ನಾನು ಉತ್ತರಿಸುತ್ತೇನೆ. ಕೆಫೀನ್ ಅಣುವಿನ ಬೆನ್ನೆಲುಬು ಪ್ಯೂರಿನ್ ಎಂಬ ಜೋಡಿ ಉಂಗುರ. ಡಿಎನ್‌ಎಯ ಎ ಮತ್ತು ಜಿ ಅಕ್ಷರಗಳದ್ದೂ ಅದೇ ಉಂಗುರ. ಗಿಡವು ಅಂತಹ ಒಂದು ಅಣುವಿಗೆ ಮಿಥೈಲ್ ಎಂಬ ಮೂರು ಚಿಕ್ಕ ಪರಮಾಣು ಗುಂಪುಗಳನ್ನು ಸೇರಿಸಿ ಕೆಫೀನ್ ಮಾಡುತ್ತದೆ, ಸೇರಿಸುವ ಕಿಣ್ವಗಳೂ ಪ್ರೋಟೀನುಗಳೇ. ಟೀಚರ್ ಕಾಫಿ ಬೀಜಕ್ಕೆ ಎ ಎಂದು ಹೆಸರಿಟ್ಟದ್ದು ತುಂಬ ಹೊಂದುತ್ತದೆ.

ಸಿದ್ದಾಪುರದ ಕಾಫಿ ಬೆಳೆಗಾರ
ಅರೇಬಿಕಾ ಕಾಫಿಯಲ್ಲಿ ಡಿಎನ್‌ಎ ಸುತ್ತಿಟ್ಟ ವರ್ಣತಂತುಗಳು 44, ರೊಬಸ್ಟಾ ಕಾಫಿಯಲ್ಲಿ 22 ಎಂದು ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದಲ್ಲಿ ಕೇಳಿದ್ದೆ. ಹಾಗಿದ್ದರೆ ಕೆಫೀನ್ ರೊಬಸ್ಟಾದಲ್ಲಿಯೇ ಹೆಚ್ಚು ಏಕೆ?

ಮಡಿಕೇರಿಯ ನಿವೃತ್ತ ಉಪನ್ಯಾಸಕ
ಬರಹ ಎಷ್ಟಿದೆ ಎಂಬುದರಿಂದ ಪದಾರ್ಥ ಎಷ್ಟು ಹುಟ್ಟುತ್ತದೆ ಎಂದು ಹೇಳಲಾಗುವುದಿಲ್ಲ. ಯಾವ ಜೀನಿನ ನಕಲು ಎಷ್ಟು ಬಾರಿ ಆಗುತ್ತದೆ, ಅದರಿಂದ ಹುಟ್ಟುವ ಕಿಣ್ವ ಎಷ್ಟು ಚುರುಕಾಗಿದೆ ಎಂಬುದನ್ನು ನೋಡಬೇಕು. ಯಜಮಾನ ಎಂಬ ಹೋಲಿಕೆಯನ್ನು ನಾನು ಒಪ್ಪದಿದ್ದದ್ದು ಈ ಕಾರಣಕ್ಕೇ.

ಪೊನ್ನಂಪೇಟೆ ಟೀಚರ್
ಹುಡುಗನ ಕೊನೆಯ ಪ್ರಶ್ನೆ: ಪ್ರೋಟೀನನ್ನು ರೈಬೋಸೋಮು ತಯಾರಿಸುತ್ತದೆ, ರೈಬೋಸೋಮಿನಲ್ಲಿಯೂ ಪ್ರೋಟೀನು ಇದೆ, ಹಾಗಾದರೆ ಮೊದಲನೆಯ ರೈಬೋಸೋಮು ಎಲ್ಲಿಂದ ಬಂತು?

ಮಡಿಕೇರಿಯ ನಿವೃತ್ತ ಉಪನ್ಯಾಸಕ
ರೈಬೋಸೋಮಿನ ರಚನೆಯನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದವರು ವೆಂಕಟರಾಮನ್ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್ ಮತ್ತು ಆದಾ ಯೋನಾಥ್, 2009ರ ನೊಬೆಲ್ ಅವರಿಗೆ ಬಂತು. ಒಳಗೆ ನೋಡಿದಾಗ, ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಜಾಗದಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಪ್ರೋಟೀನು ಅಲ್ಲ, ಆರ್‌ಎನ್‌ಎ. ಮೊದಲಿಗೆ ಆರ್‌ಎನ್‌ಎಯೇ ಬೆಸೆಯುವ ಕೆಲಸ ಮಾಡುತ್ತಿತ್ತು, ಪ್ರೋಟೀನುಗಳು ಆಮೇಲೆ ಸೇರಿಕೊಂಡವು ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ಆ ಆರಂಭವನ್ನು ಯಾರೂ ಇನ್ನೂ ಪೂರ್ತಿಯಾಗಿ ಬಿಡಿಸಿಲ್ಲ ಎಂಬುದನ್ನೂ ಅವನಿಗೆ ಹೇಳಿ.

ಪೊನ್ನಂಪೇಟೆ ಟೀಚರ್
ಹಲಗೆಯ ವಾಕ್ಯವನ್ನು ತಿದ್ದಿದ್ದೇನೆ: ‘ಡಿಎನ್‌ಎಯಲ್ಲಿರುವ ಕ್ರಮವನ್ನು ಓದಿ ಜೀವಕೋಶವು ಅಮೈನೋ ಆಮ್ಲಗಳನ್ನು ಜೋಡಿಸುತ್ತದೆ.’ ವಿರಾಜಪೇಟೆಯ ತಂತ್ರಜ್ಞರಲ್ಲಿ ಒಂದು ಕೋರಿಕೆ. ಕುಡುಗೋಲು ಕಣದ ಸ್ಲೈಡನ್ನು ಮಕ್ಕಳಿಗೆ ತೋರಿಸಲು ಸಾಧ್ಯವೇ?

ವಿರಾಜಪೇಟೆಯ ಪ್ರಯೋಗಾಲಯ ತಂತ್ರಜ್ಞ
ರೋಗಿಯ ಒಪ್ಪಿಗೆ ಪಡೆದು, ಬಣ್ಣ ಹಾಕಿ ಒಣಗಿಸಿದ ಸ್ಲೈಡನ್ನು ಹೆಸರಿಲ್ಲದೆ ತರುತ್ತೇನೆ. ಜೊತೆಗೆ ನನ್ನದೇ ರಕ್ತದ ಸ್ಲೈಡನ್ನೂ ತರುತ್ತೇನೆ, ಎರಡನ್ನೂ ಅಕ್ಕಪಕ್ಕ ನೋಡಲಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ 40 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇದ್ದರೆ ಸಾಕು.

ಕುಟ್ಟದಿಂದ ಒಬ್ಬ ತಾಯಿ
ನನ್ನ ಮಗನನ್ನು ಕೇಳಿದೆ, ಅವನದೇ ರಕ್ತದ್ದು ಮಾಡಿ ಎನ್ನುತ್ತಾನೆ. ಅವನಿಗೀಗ ಹದಿನಾಲ್ಕು. ತಾನೂ ಬಂದು ನೋಡಬೇಕಂತೆ. ಯಾವ ಶನಿವಾರ ಎಂದು ತಿಳಿಸಿ, ಬೆಳಗಿನ ಬಸ್ಸಿಗೆ ಹೊರಡುತ್ತೇವೆ.